ಹಕ್ಕಿಗೆ ನಡುಗಡ್ಡೆಯೇ ಏಕೆ ಬೇಕು?

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಕುಣಿಗಲ್ ದಾಟಿ ಬರುವ ಬಸ್ಸುಗಳು ಯಡಿಯೂರಿನಲ್ಲಿ ನಿಲ್ಲುತ್ತವೆ. ಇಳಿಯುವವರಲ್ಲಿ ಹೆಚ್ಚಿನವರು ಸಿದ್ಧಲಿಂಗೇಶ್ವರರ ಗದ್ದಿಗೆಗೆ ಕೈಮುಗಿದು, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ, ಮುಂದಿನ ಬಸ್ಸು ಹಿಡಿಯುವವರು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವಿದೆ. ಬೇಸಿಗೆ ಬಲಿತು ನೀರು ಹಿಂದೆ ಸರಿದಾಗ ಜಲಾಶಯಗಳ ನಡುವೆ ಅಲ್ಲಲ್ಲಿ ಮಣ್ಣಿನ ದಿಬ್ಬಗಳು ತಲೆ ಎತ್ತುತ್ತವೆ. ದನ ಕಾಯುವ ಹುಡುಗನ ಕಣ್ಣಿಗೆ ಅದು ಬರೀ ಕೆಸರು. ಆದರೆ ರೆಕ್ಕೆ ಒಣಗಿಸಿಕೊಳ್ಳುತ್ತ ನಿಂತ ನೀರುಕಾಗೆಗೆ, ಒಂಟಿಕಾಲಿನಲ್ಲಿ ತಪಸ್ಸಿಗೆ ನಿಂತ ಬೆಳ್ಳಕ್ಕಿಗೆ ಅದು ನಾಯಿ ಬಾರದ, ನರಿ ಬಾರದ, ಮನುಷ್ಯನೂ ಸುಲಭವಾಗಿ ಬಾರದ ಜಾಗ.

ಹಕ್ಕಿಗೂ ನಡುಗಡ್ಡೆಗೂ ಇರುವ ನಂಟು ಬಹಳ ಹಳೆಯದು. ಈ ನಂಟನ್ನು ಅರ್ಥ ಮಾಡಿಕೊಳ್ಳಲು ಜಗತ್ತಿನ ಪಕ್ಷಿವೀಕ್ಷಕರು ಅಟ್ಲಾಂಟಿಕ್ ಸಾಗರದ ಮೂಲೆಮೂಲೆಯ ದ್ವೀಪಗಳಿಗೆ ಹೋಗಿ ತಿಂಗಳುಗಟ್ಟಲೆ ಕೂರುತ್ತಾರೆ. ಅವರು ಅಲ್ಲಿ ಕಂಡುಕೊಂಡ ಸತ್ಯಗಳು ಶಿಂಷೆಯ ದಂಡೆಗೂ ಅನ್ವಯಿಸುತ್ತವೆ ಎಂಬುದೇ ಇಲ್ಲಿನ ಸ್ವಾರಸ್ಯ.

ಮೊಟ್ಟೆ ಎಂಬ ಅಪಾಯ

ಹಾರಬಲ್ಲ ಹಕ್ಕಿಯನ್ನು ಹಿಡಿಯುವುದು ಕಷ್ಟ. ಆದರೆ ಮೊಟ್ಟೆ ಹಾರುವುದಿಲ್ಲ, ರೆಕ್ಕೆ ಬಲಿಯದ ಮರಿಯೂ ಹಾರುವುದಿಲ್ಲ. ಹಕ್ಕಿಯ ಬಾಳಿನಲ್ಲಿ ಅತಿ ಅಪಾಯದ ಕಾಲವೆಂದರೆ ಗೂಡಿನ ಕಾಲ. ಬೆಕ್ಕು, ನರಿ, ಮುಂಗುಸಿ, ಇಲಿ, ಹಾವು ಎಲ್ಲಕ್ಕೂ ಗೂಡು ತೆರೆದಿಟ್ಟ ಊಟದ ತಟ್ಟೆ. ಸುತ್ತ ನೀರಿದ್ದರೆ ಇವುಗಳಲ್ಲಿ ಬಹುಪಾಲು ದೂರ ಉಳಿಯುತ್ತವೆ. ಕೋಟೆಗೆ ಕಂದಕ ತೋಡಿದಂತೆ.

ಇದಕ್ಕೆ ಬೆಲೆಯೂ ಇದೆ. ನಡುಗಡ್ಡೆಯಲ್ಲಿ ಜಾಗ ಕಡಿಮೆ, ಮೇವು ಕಡಿಮೆ. ಆಹಾರಕ್ಕಾಗಿ ದೂರ ಹಾರಬೇಕು, ಹೊತ್ತು ತರಬೇಕು. ಆದ್ದರಿಂದ ನಡುಗಡ್ಡೆಯನ್ನು ಆರಿಸಿಕೊಂಡ ಹಕ್ಕಿಗಳಲ್ಲಿ ಹೆಚ್ಚಿನವು ಮೀನು ತಿನ್ನುವಂಥವು. ಅವು ಒಂದೊಂದಾಗಿ ಅಲ್ಲ, ನೂರಾರು ಸಾವಿರಾರು ಸಂಖ್ಯೆಯಲ್ಲಿ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಒಂದು ಹಕ್ಕಿ ಅಪಾಯ ಕಂಡರೆ ಇಡೀ ಕೇರಿಯೇ ಕೂಗೆಬ್ಬಿಸುತ್ತದೆ.

ಆದರೆ ಈ ಭದ್ರತೆಯಲ್ಲೇ ಒಂದು ದುರ್ಬಲತೆ ಅಡಗಿದೆ. ಶತ್ರುವೇ ಇಲ್ಲದ ಕಡೆ ಲಕ್ಷಾಂತರ ವರ್ಷ ಬಾಳಿದ ಹಕ್ಕಿ ಶತ್ರುವನ್ನು ಗುರುತಿಸುವುದನ್ನೇ ಮರೆಯುತ್ತದೆ. ಕೆಲವು ಹಕ್ಕಿಗಳು ಹಾರುವುದನ್ನೂ ಬಿಟ್ಟುಬಿಡುತ್ತವೆ. ದಕ್ಷಿಣ ಅಟ್ಲಾಂಟಿಕ್‌ನ ಇನ್‌ಆಕ್ಸೆಸಿಬಲ್ ಎಂಬ ದ್ವೀಪದಲ್ಲಿರುವ ರೈಲ್ ಎಂಬ ಪುಟ್ಟ ಹಕ್ಕಿ ಜಗತ್ತಿನ ಹಾರಲಾರದ ಹಕ್ಕಿಗಳಲ್ಲೇ ಅತಿ ಚಿಕ್ಕದು. ಅದು ಆ ಒಂದು ದ್ವೀಪ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಒಂದು ದೋಣಿಯಲ್ಲಿ ಒಂದು ಜೊತೆ ಇಲಿ ಅಲ್ಲಿಗೆ ಹೋದರೆ ಏನಾದೀತು ಎಂದು ಊಹಿಸುವುದು ಕಷ್ಟವಲ್ಲ.

ಇಲಿ, ಬೆಕ್ಕು, ಮನುಷ್ಯ

ಇದು ಬರೀ ಊಹೆಯಲ್ಲ. ಗ್ರೇಟ್ ಆಕ್ ಎಂಬ ಹಾರಲಾರದ ದೊಡ್ಡ ಕಡಲಹಕ್ಕಿಯೊಂದು ಉತ್ತರ ಅಟ್ಲಾಂಟಿಕ್‌ನ ಬಂಡೆದ್ವೀಪಗಳಲ್ಲಿ ಹೇರಳವಾಗಿತ್ತು. ವರ್ಷಕ್ಕೆ ಒಂದೇ ಮೊಟ್ಟೆ. ಮಾಂಸಕ್ಕೆ, ಎಣ್ಣೆಗೆ, ಪುಕ್ಕಕ್ಕೆ ನಾವಿಕರು ಅದನ್ನು ಕೊಂದರು. ಅಪರೂಪವಾದ ಮೇಲೆ ಸಂಗ್ರಹಕಾರರಿಗೆ ಮಾರಲು ಕೊಂದರು. ಐಸ್‌ಲ್ಯಾಂಡ್ ಬಳಿಯ ಎಲ್ಡೇ ಬಂಡೆಯಲ್ಲಿ 1844ರ ಜೂನ್‌ನಲ್ಲಿ ಒಂದು ಜೋಡಿಯನ್ನು ಕೊಂದ ಬಳಿಕ ಅದು ಗೂಡು ಕಟ್ಟಿದ್ದನ್ನು ಯಾರೂ ಕಾಣಲಿಲ್ಲ.

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಸೇಂಟ್ ಕಿಲ್ಡಾ ದ್ವೀಪಗಳದು ಬೇರೆಯೇ ಕಥೆ. ಅಲ್ಲಿನ ಜನ ಹಕ್ಕಿಗಳನ್ನೇ ನಂಬಿ ಶತಮಾನಗಳ ಕಾಲ ಬದುಕಿದರು. ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಗಳಿಗೆ ಇಳಿದು ಮೊಟ್ಟೆ, ಮರಿ ಹಿಡಿಯುತ್ತಿದ್ದರು. ಅವೇ ಊಟ, ಅವುಗಳ ಎಣ್ಣೆಯೇ ದೀಪಕ್ಕೆ, ಪುಕ್ಕವೇ ಒಡೆಯನಿಗೆ ಸಲ್ಲಿಸುವ ಗೇಣಿ. ಹೀಗಿದ್ದರೂ ಆ ದ್ವೀಪಗಳ ಗ್ಯಾನೆಟ್, ಪಫಿನ್, ಫುಲ್ಮರ್ ಹಕ್ಕಿಗಳ ಸಂತತಿ ಅಳಿಯಲಿಲ್ಲ. ಕೊನೆಗೆ ಅಲ್ಲಿಂದ ಹೊರಟವರು ಜನರೇ. ಉಳಿದಿದ್ದ 36 ಮಂದಿಯನ್ನು 1930ರ ಆಗಸ್ಟ್ 29ರಂದು ಹಡಗಿನಲ್ಲಿ ಕರೆದೊಯ್ದರು. ಹಕ್ಕಿಗಳು ಅಲ್ಲೇ ಉಳಿದವು.

ಮನುಷ್ಯ ತಂದುಬಿಟ್ಟ ಪ್ರಾಣಿಗಳು ಮನುಷ್ಯನಿಗಿಂತ ದೊಡ್ಡ ಕಂಟಕವಾದದ್ದೂ ಉಂಟು. ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪಕ್ಕೆ 19ನೇ ಶತಮಾನದಲ್ಲಿ ಸೀಲ್ ಬೇಟೆಗಾರರ ಹಡಗುಗಳ ಜೊತೆ ಸಾಮಾನ್ಯ ಮನೆಸುಂಡಿಲಿ ಬಂದು ಸೇರಿತು. ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಕದಿಯುವಂಥದೇ ಸುಂಡಿಲಿ ಅಲ್ಲಿ ತನಗಿಂತ ನೂರಾರು ಪಟ್ಟು ತೂಕದ ಆಲ್ಬಟ್ರಾಸ್ ಮರಿಗಳನ್ನು ಗೂಡಿನಲ್ಲೇ ಜೀವಸಹಿತ ಕೊರೆದು ತಿನ್ನುತ್ತದೆ. ಮರಿ ಅಲುಗದೆ ಕೂತಿರುತ್ತದೆ. ಇಂಥ ಶತ್ರುವನ್ನು ಎದುರಿಸುವುದು ಅದರ ಕುಲಕ್ಕೇ ಗೊತ್ತಿಲ್ಲ. 2021ರಲ್ಲಿ ಹೆಲಿಕಾಪ್ಟರಿನಿಂದ ಇಡೀ ದ್ವೀಪಕ್ಕೆ ವಿಷದ ಕಾಳು ಚೆಲ್ಲಿ ಇಲಿಗಳನ್ನು ನಿರ್ಮೂಲ ಮಾಡುವ ಪ್ರಯತ್ನ ನಡೆಯಿತು. ಆ ವರ್ಷದ ಡಿಸೆಂಬರ್‌ನಲ್ಲೇ ಮತ್ತೆ ಒಂದು ಇಲಿ ಕಾಣಿಸಿಕೊಂಡಿತು. ಒಂದೆರಡು ಉಳಿದರೂ ಸಾಕು, ಕೆಲಸ ಮೊದಲಿಗೇ ಬಂತು.

ಗೆದ್ದ ಉದಾಹರಣೆಗಳೂ ಇವೆ. ಅಸೆನ್ಷನ್ ದ್ವೀಪದಲ್ಲಿ ಬೆಕ್ಕುಗಳ ಹಾವಳಿಯಿಂದ ಫ್ರಿಗೇಟ್ ಹಕ್ಕಿಗಳು ಮುಖ್ಯ ದ್ವೀಪ ಬಿಟ್ಟು ಪಕ್ಕದ ಬಂಡೆಗೆ ಓಡಿದ್ದವು. ಕಾಡುಬೆಕ್ಕುಗಳಾಗಿ ಹೋಗಿದ್ದ ಅವುಗಳನ್ನೆಲ್ಲ ತೆಗೆದು 2006ರಲ್ಲಿ ದ್ವೀಪವನ್ನು ಬೆಕ್ಕುಮುಕ್ತ ಎಂದು ಸಾರಲಾಯಿತು. ಆರು ವರ್ಷ ಕಳೆದು 2012ರಲ್ಲಿ ಫ್ರಿಗೇಟ್ ಹಕ್ಕಿ ತನ್ನ ಹಳೆಯ ನೆಲದಲ್ಲಿ ಮತ್ತೆ ಗೂಡು ಕಟ್ಟಿತು. ಬರ್ಮುಡಾದ ಕಹೋ ಎಂಬ ಹಕ್ಕಿ ಮುನ್ನೂರು ವರ್ಷಗಳ ಹಿಂದೆಯೇ ಅಳಿದುಹೋಯಿತೆಂದು ಎಲ್ಲರೂ ನಂಬಿದ್ದರು. 1951ರಲ್ಲಿ ಸಣ್ಣ ಬಂಡೆದ್ವೀಪಗಳಲ್ಲಿ ಅದರ ಕೆಲವು ಜೋಡಿಗಳು ಸಿಕ್ಕವು. ಅವನ್ನು ಕಾಪಾಡುವ ಕೆಲಸ ಇಂದೂ ನಡೆದಿದೆ.

ದಾರಿ ತಪ್ಪಿ ಬಂದ ಅತಿಥಿ

ದ್ವೀಪಕ್ಕೆ ಹೋಗುವ ಪಕ್ಷಿವೀಕ್ಷಕನಿಗೆ ಇನ್ನೊಂದು ಆಸೆಯೂ ಇರುತ್ತದೆ. ವಲಸೆಯ ಕಾಲದಲ್ಲಿ ಗಾಳಿಗೆ ಸಿಕ್ಕು ದಾರಿ ತಪ್ಪಿದ ನೆಲದ ಹಕ್ಕಿಗಳು ಸಮುದ್ರದ ಮೇಲೆ ಹಾರಿ ಹಾರಿ ಸೋತು, ಕಣ್ಣಿಗೆ ಬಿದ್ದ ಮೊದಲ ನೆಲಕ್ಕೆ ಇಳಿಯುತ್ತವೆ. ಆರ್ಕ್‌ನಿ ಮತ್ತು ಶೆಟ್‌ಲ್ಯಾಂಡ್ ದ್ವೀಪಗಳ ನಡುವಿನ ಫೇರ್ ಐಲ್ ಇಂಥ ಒಂದು ನೆಲ. ಉದ್ದ ಸುಮಾರು 5 ಕಿಲೋಮೀಟರ್. ಮರಗಳಿಲ್ಲದ ಬೋಳು ದ್ವೀಪವಾದ್ದರಿಂದ ಬಂದಿಳಿದ ಹಕ್ಕಿ ಅಡಗಲಾರದು. ಜಾರ್ಜ್ ವಾಟರ್‌ಸ್ಟನ್ ಎಂಬಾತ ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದಾಗಲೇ ಇಲ್ಲೊಂದು ವೀಕ್ಷಣಾಲಯ ಕಟ್ಟುವ ಕನಸು ಕಂಡಿದ್ದ. ಬಿಡುಗಡೆಯಾಗಿ ಬಂದು 1948ರಲ್ಲಿ ಅದನ್ನು ಆರಂಭಿಸಿದ. 2019ರ ಮಾರ್ಚ್‌ನಲ್ಲಿ ಬೆಂಕಿ ಬಿದ್ದು ಕಟ್ಟಡ ಸುಟ್ಟುಹೋದರೂ ಅದನ್ನು ಮತ್ತೆ ಕಟ್ಟಲಾಗಿದೆ.

ಅಲ್ಲಿ ಕಾಣಿಸಿಕೊಂಡು ವೀಕ್ಷಕರಲ್ಲಿ ಸಂಭ್ರಮ ಹುಟ್ಟಿಸುವ ಹಕ್ಕಿಗಳಲ್ಲಿ ಬ್ಲೈತ್ ಜೊಂಡು ಉಲಿಯಕ್ಕಿಯೂ ಒಂದು. ಗುಬ್ಬಿಗಿಂತ ಸಣ್ಣ, ಮಾಸಲು ಕಂದು ಬಣ್ಣದ, ಎದ್ದು ಕಾಣುವ ಗುರುತೇ ಇಲ್ಲದ ಹಕ್ಕಿ. ಅದಕ್ಕಾಗಿ ಜನ ದೂರದೂರದಿಂದ ದೋಣಿ ಹತ್ತಿ ಬರುತ್ತಾರೆ. ಇದೇ ಹಕ್ಕಿ ಚಳಿಗಾಲ ಕಳೆಯಲು ಪ್ರತಿ ವರ್ಷ ನಮ್ಮ ನಾಡಿಗೆ ಬರುತ್ತದೆ. ತೋಟದ ಬೇಲಿಯೊಳಗೆ, ಲಂಟಾನದ ಪೊದೆಯೊಳಗೆ ಕೂತು ‘ಟಕ್ ಟಕ್’ ಎನ್ನುತ್ತಿರುತ್ತದೆ. ಅಲ್ಲಿ ಅದು ಅಪೂರ್ವ ಅತಿಥಿ, ಇಲ್ಲಿ ಯಾರೂ ತಿರುಗಿ ನೋಡದ ನಿತ್ಯದ ನೆಂಟ.

ಪಕ್ಷಿವೀಕ್ಷಣೆ ಎಂದರೆ ಬರೀ ಅಪರೂಪದ ಹಕ್ಕಿಯ ಹಿಂದೆ ಓಡುವುದಲ್ಲ. ಕಂಡ ಹಕ್ಕಿ ಯಾವುದು, ಎಷ್ಟು, ಎಂದು, ಎಲ್ಲಿ ಎಂಬುದನ್ನು ಪ್ರತಿ ಸಂಜೆ ಪುಸ್ತಕದಲ್ಲಿ ಬರೆದಿಡುವುದು ಅದರ ತಿರುಳು. 1899ರಲ್ಲಿ ಡೆನ್ಮಾರ್ಕಿನ ಶಾಲಾ ಶಿಕ್ಷಕ ಹಾನ್ಸ್ ಮಾರ್ಟೆನ್‌ಸೆನ್ ಹಕ್ಕಿಗಳ ಕಾಲಿಗೆ ಸಂಖ್ಯೆ ಕೆತ್ತಿದ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಡಲು ಆರಂಭಿಸಿದ. ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಷ್ಟು ಕಾಲ ಬದುಕುತ್ತದೆ ಎಂಬ ಇಂದಿನ ತಿಳಿವಳಿಕೆಗೆ ಇಂಥ ಉಂಗುರ ಮತ್ತು ಇಂಥ ದಿನಚರಿಗಳೇ ಬುನಾದಿ. ಏಷ್ಯಾದಲ್ಲಿ 1987ರಿಂದ ಪ್ರತಿ ಜನವರಿಯಲ್ಲಿ ಕೆರೆ, ಜಲಾಶಯಗಳ ನೀರುಹಕ್ಕಿಗಳನ್ನು ಎಣಿಸಲಾಗುತ್ತಿದೆ. ಎಣಿಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಹವ್ಯಾಸಿಗಳು.

ಕನ್ನಡ ನಾಡಿನ ನಡುಗಡ್ಡೆಗಳು

ಕರ್ನಾಟಕಕ್ಕೂ ಒಂದು ನಿಜವಾದ ಕಡಲ ಹಕ್ಕಿದ್ವೀಪವಿದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಅರಬ್ಬಿ ಸಮುದ್ರದಲ್ಲಿರುವ ನೇತ್ರಾಣಿ. ಬ್ರಿಟಿಷರ ನಕಾಶೆಗಳಲ್ಲಿ ಅದು ಪಾರಿವಾಳ ದ್ವೀಪ. ಬಿಳಿಹೊಟ್ಟೆಯ ಕಡಲ ಹದ್ದುಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಜನವಸತಿಯಿಲ್ಲದ ಆ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದುದಕ್ಕೆ ನಿಸರ್ಗಪ್ರಿಯರು ಆಕ್ಷೇಪ ಎತ್ತಿದ್ದರು. ಈಗ ಸುತ್ತಲಿನ ಹವಳದ ದಿಬ್ಬಗಳನ್ನು ನೋಡಲು ಮುಳುಗುಗಾರರು ಬರುತ್ತಾರೆ.

ಒಳನಾಡಿನ ನಡುಗಡ್ಡೆಗಳು ಬಹುಪಾಲು ಮನುಷ್ಯನ ಕೈಯಿಂದಾದವು ಎಂಬುದು ಗಮನಿಸಬೇಕಾದ ಮಾತು. ಶ್ರೀರಂಗಪಟ್ಟಣದ ಬಳಿ 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದಾಗ ರಂಗನತಿಟ್ಟಿನ ನಡುಗಡ್ಡೆಗಳು ರೂಪುಗೊಂಡವು. ಕಟ್ಟಿಸಿದ್ದು ಹೊಲಕ್ಕೆ ನೀರು ಹಾಯಿಸಲು. ಹಕ್ಕಿಗಳು ತಮಗೆಂದೇ ಕಟ್ಟಿಸಿದಂತೆ ಬಂದು ನೆಲೆಸಿದವು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಹೆಜ್ಜಾರ್ಲೆಗಳ ಕೆಳಗೆ ಬಂಡೆಯ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ಮೊಸಳೆ ಇರುವ ನೀರು ದಾಟಿ ಬರುವ ಧೈರ್ಯ ನರಿಗೆಲ್ಲಿ?

ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಬೇಸಿಗೆಯಲ್ಲಿ ನೀರಿಳಿದು ದಿಬ್ಬಗಳು ಹೊರಬೀಳುತ್ತಲೇ ಇಂಗ್ಲಿಷಿನಲ್ಲಿ ರಿವರ್ ಟರ್ನ್ ಎನ್ನುವ ನದಿ ರೀವಗಳು ದೊಡ್ಡ ಸಂಖ್ಯೆಯಲ್ಲಿ ಬಂದು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಈ ಹಕ್ಕಿಯನ್ನು 2020ರಲ್ಲಿ ಅಪಾಯದಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಗಿದೆ. ಅದಕ್ಕೆ ಕಾರಣವನ್ನು ಜಲಾಶಯದ ಲೆಕ್ಕದಲ್ಲೇ ಅರ್ಥ ಮಾಡಿಕೊಳ್ಳಬಹುದು. ನೀರು ತೀರ ಇಳಿದರೆ ದಿಬ್ಬ ದಡಕ್ಕೆ ಕೂಡಿಕೊಂಡು ನಾಯಿ, ನರಿಗಳಿಗೆ ದಾರಿಯಾಗುತ್ತದೆ. ಅಕಾಲದಲ್ಲಿ ಏರಿದರೆ ಮೊಟ್ಟೆ, ಮರಿ ಎಲ್ಲ ನೀರುಪಾಲು. ಅಟ್ಲಾಂಟಿಕ್‌ನ ಹಕ್ಕಿಗೆ ಇಲಿ ಹೇಗೋ, ನಮ್ಮ ನದಿಯ ಹಕ್ಕಿಗೆ ನೀರಿನ ಮಟ್ಟ ಹಾಗೆ. ಆ ಮಟ್ಟವನ್ನು ನಿರ್ಧರಿಸುವುದು ಮಳೆ ಅರ್ಧ, ಮನುಷ್ಯ ಅರ್ಧ.

ಹುಣಿಸೆಮರವೂ ಒಂದು ದ್ವೀಪ

ಎಲ್ಲಕ್ಕಿಂತ ಸೋಜಿಗದ ನಡುಗಡ್ಡೆಗಳಿಗೆ ಸುತ್ತ ನೀರೇ ಇಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮನೆಗಳ ಅಂಗಳದ ಹುಣಿಸೆ, ಆಲ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೆಳಗೆ ಮಕ್ಕಳು ಗೋಲಿ ಆಡುತ್ತಿರುತ್ತಾರೆ, ಎಮ್ಮೆ ಮೆಲುಕು ಹಾಕುತ್ತಿರುತ್ತದೆ. ಪ್ಲೇಗಿನ ಕಾಲದಲ್ಲಿ ಊರು ಹಳೆಯ ಜಾಗ ಬಿಟ್ಟು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರ ಹಿರಿಯರು ಹೇಳುವುದುಂಟು. ಹೊರಜಗತ್ತಿಗೆ ಈ ಊರಿನ ಮಹತ್ವ ತಿಳಿದದ್ದು 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರಿಂದ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು.

ಇಲ್ಲಿ ಕಂದಕದ ಕೆಲಸ ಮಾಡುವುದು ಊರಿನ ಜನ. ಹುಣಿಸೆ ಹಣ್ಣು ಬಡಿಯುವ ಕಾಲವೂ ಗೂಡಿನ ಕಾಲವೂ ಒಂದೇ. ಹಕ್ಕಿ ಕೂತ ಮರದ ಫಸಲನ್ನು ಬಿಡಬೇಕು. ಅದು ಬಡವನ ಮನೆಗೆ ಸಣ್ಣ ನಷ್ಟವಲ್ಲ. ಅದಕ್ಕೆಂದೇ ಅರಣ್ಯ ಇಲಾಖೆ ಮರಕ್ಕಿಷ್ಟು ಎಂದು ಪರಿಹಾರ ಕೊಡುವ ಏರ್ಪಾಡು ಮಾಡಿತು. ಹಕ್ಕಿಯ ಹಿಕ್ಕೆಯನ್ನು ಮರದಡಿಯ ಗುಂಡಿಯಲ್ಲಿ ಕೂಡಿಹಾಕಿ ಹೊಲಕ್ಕೆ ಗೊಬ್ಬರ ಮಾಡುವ ರೂಢಿಯೂ ಇದೆ. ಆದರೂ ಮರ ಮಾರಿದರೆ ಬರುವ ದುಡ್ಡಿನ ಮುಂದೆ ಇದೆಲ್ಲ ಕಡಿಮೆಯೇ. ಕಷ್ಟ ಬಂದಾಗ ಕಡಿದ ಪ್ರತಿ ಹಳೆಯ ಮರವೂ ಹಕ್ಕಿಯ ಪಾಲಿಗೆ ಮುಳುಗಿದ ಒಂದು ದ್ವೀಪ.

ಮರ ಉಳಿದರಷ್ಟೇ ಸಾಲದು. ಈ ಹಕ್ಕಿಗಳು ಮೀನಿಗಾಗಿ ಶಿಂಷಾ ನದಿಗೆ, ತೈಲೂರು ಕೆರೆಗೆ, ಮದ್ದೂರು ಕೆರೆಗೆ, ಸೂಳೆಕೆರೆಗೆ ಹಾರುತ್ತವೆ. 2017ರ ಕೊನೆ ಮತ್ತು 2018ರ ಆರಂಭದ ತಿಂಗಳುಗಳಲ್ಲಿ ಕೊಕ್ಕರೆಬೆಳ್ಳೂರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತುಬಿದ್ದವು. ಪರೀಕ್ಷಿಸಿದಾಗ ದೇಹದೊಳಗೆ ಜಂತುಹುಳುಗಳ ಬಾಧೆ ಕಂಡಿತು. ಮರಗಳು ಇದ್ದವು, ಜನರ ಪ್ರೀತಿಯೂ ಇತ್ತು. ಅವೆರಡರಿಂದಲೇ ಹಕ್ಕಿಯ ಹೊಟ್ಟೆಗೆ ಸೇರುವುದನ್ನು ಕಾಯಲಾಗಲಿಲ್ಲ.

ತುಮಕೂರು ಜಿಲ್ಲೆಯಲ್ಲೇ ಇಂಥದೊಂದು ಊರಿದೆ. ಶಿರಾ ತಾಲ್ಲೂಕಿನ ಕಗ್ಗಲಡು. ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಅಲ್ಲಿನ ಹುಣಿಸೆಮರಗಳಲ್ಲಿ ಸಂಸಾರ ಹೂಡುತ್ತವೆ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನ ಸದಸ್ಯರು 1999ರಲ್ಲಿ ಹೋಗಿ ನೋಡಿ ಬಂದ ಮೇಲೆ ಹೊರಗಿನವರಿಗೆ ಈ ಊರಿನ ಪರಿಚಯವಾಯಿತು. ಬರದ ಸೀಮೆ ಎಂದೇ ಹೆಸರಾದ ಶಿರಾದಲ್ಲಿ, ತಮಗೇ ನೀರಿಗೆ ತತ್ವಾರವಿರುವ ಜನ ಈ ಹಕ್ಕಿಗಳಿಗೆ ಕಾವಲು ನಿಂತದ್ದು ಸಣ್ಣ ಮಾತಲ್ಲ.

ನೋಡುವುದಕ್ಕೂ ಒಂದು ರೀತಿ

ಈಗ ಕೈಯಲ್ಲಿ ಕ್ಯಾಮೆರಾ ಇಲ್ಲದವರಿಲ್ಲ. ಗೂಡಿನ ಹತ್ತಿರ ಹೋಗಿ ಚಿತ್ರ ತೆಗೆಯುವ ಆಸೆ ಸಹಜ. ಆದರೆ ತಾಯಿ ಹಕ್ಕಿ ಬೆದರಿ ಎದ್ದರೆ ಕಾಗೆ, ಹದ್ದುಗಳು ಮೊಟ್ಟೆ ಎತ್ತಲು ಕಾದೇ ಇರುತ್ತವೆ. ನಡುಮಧ್ಯಾಹ್ನ ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿ ನಿಲ್ಲುವುದು ಮರಿಗಳಿಗೆ ನೆರಳು ಮಾಡಲು. ಅದು ಹಾರಿಹೋದರೆ ಕೂದಲೂ ಬಾರದ ಮರಿಗಳು ಬಿಸಿಲಿಗೆ ಬೇಯುತ್ತವೆ. ಗಾಬರಿಯಲ್ಲಿ ಕೆಳಗೆ ಬಿದ್ದ ಮರಿಗೆ ತಂದೆತಾಯಿ ಮತ್ತೆ ಉಣಿಸುವುದಿಲ್ಲ. ದೂರ ನಿಂತು ದುರ್ಬೀನಿನಲ್ಲಿ ನೋಡುವುದು, ಗದ್ದಲ ಮಾಡದಿರುವುದು, ಹಕ್ಕಿ ತಲೆ ಎತ್ತಿ ನಮ್ಮತ್ತ ನೋಡತೊಡಗಿದರೆ ಅಲ್ಲಿಗೇ ನಿಲ್ಲುವುದು – ಜಗತ್ತಿನ ಯಾವ ದ್ವೀಪಕ್ಕೆ ಹೋದರೂ ನಿಯಮ ಇಷ್ಟೇ.

ಯಡಿಯೂರಿನ ಸುತ್ತಲಿನವರಿಗೆ ಅಲುಗದೆ ಕೂರುವ ಪಾಠ ಹೊಸದಲ್ಲ. ಪಕ್ಕದ ಕಗ್ಗೆರೆಯಲ್ಲಿ ತಪಸ್ಸಿಗೆ ಕೂತ ಸಿದ್ಧಲಿಂಗರ ಮೈಮೇಲೆ ಹುತ್ತವೇ ಬೆಳೆಯಿತು ಎಂಬ ಕಥೆ ಇಲ್ಲಿ ಮನೆಮನೆಗೂ ಗೊತ್ತು. ಹಕ್ಕಿ ನೋಡುವವನಿಗೆ ಅಷ್ಟು ಬೇಕಿಲ್ಲ. ಬೆಳಗಿನ ಒಂದು ತಾಸು ಸುಮ್ಮನೆ ಕೂತರೆ ಸಾಕು.

ಮಾರ್ಕೋನಹಳ್ಳಿ ಅಣೆಕಟ್ಟಿಗೆ ಸೈಫನ್ ಏರ್ಪಾಡಿದೆ. ನೀರು ಗೊತ್ತಾದ ಮಟ್ಟ ಮುಟ್ಟಿತೆಂದರೆ ಯಾರೂ ಗೇಟು ಎತ್ತಬೇಕಿಲ್ಲ, ಹೆಚ್ಚಿನ ನೀರು ತಾನಾಗಿಯೇ ಸೆಳೆದುಕೊಂಡು ಹೊರಬೀಳುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಶಿಂಷೆ ಹೀಗೆ ಇಲ್ಲಿ ನಿಂತು, ತುಂಬಿ, ಹೊರಟು, ಮದ್ದೂರು ಸೀಮೆಗೆ ಹೋಗಿ ಕೊಕ್ಕರೆಬೆಳ್ಳೂರಿನ ಮಗ್ಗುಲಲ್ಲಿ ಹರಿದು ಕಾವೇರಿಗೆ ಸೇರುತ್ತದೆ. ಮೇಲಿನ ಊರು ನದಿಗೆ ಏನು ಬಿಡುತ್ತದೆಯೋ ಅದು ಕೆಳಗಿನ ಊರಿನ ಹೆಜ್ಜಾರ್ಲೆಯ ಚೀಲದೊಳಗಿನ ಮೀನಿಗೂ ತಾಕುತ್ತದೆ. ಮೇಲೆ ಮಳೆ ಕಡಿಮೆಯಾದ ವರ್ಷ ಕೆಳಗೆ ಗೂಡುಗಳೂ ಕಡಿಮೆ.

ಅಟ್ಲಾಂಟಿಕ್‌ನ ದ್ವೀಪಗಳಿಗೆ ಹಡಗಿನಲ್ಲಿ ದಿನಗಟ್ಟಲೆ ಪಯಣಿಸಬೇಕು. ಅಲ್ಲಿ ಏನಾಗುತ್ತದೆ ಎಂಬುದು ಅಲ್ಲಿಗೆ ಹೋದ ಕೆಲವರಿಗಷ್ಟೇ ಗೊತ್ತು. ನಮ್ಮ ನಡುಗಡ್ಡೆಗಳು ಹಾಗಲ್ಲ. ಅವು ಬಸ್ಸು ನಿಲ್ಲುವ ಊರಿನ ಪಕ್ಕದಲ್ಲಿವೆ, ಅಜ್ಜ ನೆಟ್ಟ ಹುಣಿಸೆಯ ಮೇಲಿವೆ. ಅವುಗಳ ಸುತ್ತ ಕಂದಕ ಉಳಿಯುವುದೂ ಬತ್ತುವುದೂ ಇಲ್ಲಿನವರ ಕೈಯಲ್ಲೇ ಇದೆ.